ದ್ಯಾಮಣ್ಣ ಮಿಸ್ತ್ರಿ ಬಿಗಿದ ನಟ್ಟು

ಕಾರಿನಲ್ಲಿ ಹೊಸ ಸದ್ದೊಂದು ಕೇಳಿಸಿದರೆ ನೀವು ಮೊದಲು ಏನು ಮಾಡುತ್ತೀರಿ? ನಾನು ರೇಡಿಯೋದ ವಾಲ್ಯೂಮ್ ಹೆಚ್ಚಿಸುತ್ತೇನೆ.

ನಗಬೇಡಿ. ಮೊನ್ನೆ ಮೊನ್ನೆಯವರೆಗೆ ಮೂರು ವಾರ ನಾನು ಮಾಡಿದ್ದು ಇದನ್ನೇ. ಬೆಟಗೇರಿಯ ನಮ್ಮ ಹೈಸ್ಕೂಲಿನ ಗೇಟು ದಾಟಿ ಕಾರು ರಸ್ತೆಗೆ ಇಳಿಯುವಾಗ ಬಾನೆಟ್ಟಿನ ಒಳಗೆ ‘ದಡ್’ ಎಂದು ಒಂದು ಬಡಿತ. ಸಿಗ್ನಲ್ಲಿನಲ್ಲಿ ನಿಂತು ಹೊರಟರೆ ಇನ್ನೊಂದು. ಏರು ಹತ್ತಿದರೆ ಸಾಲಾಗಿ ನಾಲ್ಕೈದು. ಮೊದಲ ವಾರ ಹಳೆಯ ಹಾಡುಗಳು ಆ ಸದ್ದನ್ನು ಮುಚ್ಚಿದವು. ಎರಡನೇ ವಾರ ಜಾಹೀರಾತುಗಳನ್ನೂ ಜೋರಾಗಿ ಕೇಳಬೇಕಾಯಿತು. ಮೂರನೇ ವಾರ ಸದ್ದೇ ಗೆದ್ದಿತು.

(ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಕಾರು. ಹೊಸದು ಯಾವಾಗ ಎಂದು ಗಣಿತದ ಮಾಸ್ತರನನ್ನು ಕೇಳಬಾರದು.)

ಸ್ಟಾಫ್ ರೂಮಿನಲ್ಲಿ ವಿಷಯ ತೆಗೆದೆ. ವಿಜ್ಞಾನದ ಮೇಡಂ ಪೆಟ್ರೋಲ್ ಕಲಬೆರಕೆ ಎಂದರು. ದೈಹಿಕ ಶಿಕ್ಷಕರು ‘ಟ್ಯಾಪೆಟ್’ ಎಂದರು. ಟ್ಯಾಪೆಟ್ ಅಂದರೆ ಏನು ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಹಿಂದಿ ಮಾಸ್ತರು ಮಾರಿಬಿಡಿ ಎಂದರು. ಯಾರೂ ಹೊರಗೆ ಬಂದು ಕಾರಿನ ಸದ್ದು ಕೇಳಲಿಲ್ಲ ಎನ್ನುವುದು ಬೇರೆ ಮಾತು.

ಕೊನೆಗೆ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಹೋದೆ. ಎಸಿ ರೂಮು, ಕಾಫಿ, ಟೈ ಕಟ್ಟಿದ ಸಲಹೆಗಾರರು. ಅವರು ಲ್ಯಾಪ್‌ಟಾಪಿನಿಂದ ಒಂದು ವೈರನ್ನು ಕಾರಿಗೆ ಜೋಡಿಸಿ, ಪರದೆಯನ್ನೂ ಎಂಜಿನ್ನನ್ನೂ ನೋಡಿ ಹೇಳಿದರು: “ಎಂಜಿನ್ ಇಳಿಸಬೇಕಾಗಬಹುದು ಸರ್. ಮೊದಲೂ ಒಮ್ಮೆ ಬಿಚ್ಚಿಸಿದ್ದೀರಿ ಅಂತ ಕಾಣುತ್ತೆ.”

ಮೊದಲೂ ಒಮ್ಮೆ ಬಿಚ್ಚಿಸಿದ್ದೆ. ಅದು ನಿಜ. ಆ ಮಾತು ಯಾರ ಬಾಯಿಂದಲೂ ಬರಬಾರದು ಎಂದೇ ನಾನು ಮೂರು ವಾರ ರೇಡಿಯೋ ಕೇಳಿದ್ದೆ.

ಸಂಜೆ ಚಹಾ ಕೊಡುತ್ತ ಹೆಂಡತಿ ಶೈಲಾ ಹೇಳಿದಳು: “ಸುಮ್ನ ಯಾಕ ಊರೆಲ್ಲಾ ತಿರಗ್ತೀರಿ? ದ್ಯಾಮಣ್ಣಗ ತೋರಸ್ರಿ.”

“ಅವರ ಕಡೆ ಹೆಂಗ ಹೋಗ್ಲಿ?”

“ಯಾಕ, ಹಾದಿ ಮರ್ತೀರೇನು?”

ಹಾದಿ ಮರೆತಿರಲಿಲ್ಲ. ಒಂದು ವರ್ಷದಿಂದ ಆ ಹಾದಿಯನ್ನು ತಪ್ಪಿಸಿ ಓಡಾಡುತ್ತಿದ್ದೆ. ಎರಡೂ ಬೇರೆ ಬೇರೆ.

ದ್ಯಾಮಣ್ಣ ಯಾರು ಎಂಬುದು ಈ ಅಂಕಣವನ್ನು ತಪ್ಪದೆ ಓದುವವರಿಗೆ ಗೊತ್ತು. ಹೆಸರು ಗೊತ್ತಿಲ್ಲ, ಅಷ್ಟೇ. ಹೋದ ವರ್ಷ ಇದೇ ಜಾಗದಲ್ಲಿ ‘ಕಿವಿ ಚುರುಕು, ಕೈ ಸಡಿಲ’ ಎಂಬ ತಲೆಬರಹದಡಿ ಒಬ್ಬ ಮೆಕ್ಯಾನಿಕ್ ಬಗ್ಗೆ ಬರೆದಿದ್ದೆ. ನೆನಪಿದೆಯೇ? ಬಹಳ ಜನ ಮೆಚ್ಚಿದ ಬರಹ ಅದು. ಫೋನುಗಳು ಬಂದವು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನಿಲ್ಲಿಸಿ ಕೈ ಕುಲುಕಿದರು. ಆ ಮೆಕ್ಯಾನಿಕ್ ದ್ಯಾಮಣ್ಣ. ಆ ಬರಹದಲ್ಲಿದ್ದ ಮುಖ್ಯ ಸಂಗತಿ ಸುಳ್ಳು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ದ್ಯಾಮಣ್ಣನವರ ಗ್ಯಾರೇಜು ಬೆಟಗೇರಿಯಲ್ಲಿ ಒಂದು ಬೇವಿನ ಮರದ ಕೆಳಗಿತ್ತು. ತಗಡಿನ ಶೆಡ್ಡು, ಬೋರ್ಡಿಲ್ಲ. ಐವತ್ತೈದು ದಾಟಿದ ಸಣಕಲು ಮನುಷ್ಯ, ಮಾತು ಕಡಿಮೆ. ಎಂಜಿನ್ನಿನಲ್ಲಿ ಸದ್ದಿದೆ ಎಂದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟ ಹಾಗೆ. ಹೆಚ್ಚೆಂದರೆ ಐದು ನಿಮಿಷ. ಕಣ್ಣು ತೆರೆದು ಇಂಥದ್ದು ಹೋಗಿದೆ ಎನ್ನುತ್ತಿದ್ದರು. ಬಿಚ್ಚಿದರೆ ಅದೇ ಹೋಗಿರುತ್ತಿತ್ತು. ನಮ್ಮ ಶಾಲೆಯ ಅರ್ಧ ಮಂದಿಯ ಗಾಡಿಗಳು ಅವರ ಕೈಯಲ್ಲೇ ಓಡುತ್ತಿದ್ದವು. ಇನ್ನೊಂದು ಶಾಲೆಯ ನಾಲ್ಕು ವ್ಯಾನುಗಳೂ ಅವರ ಹತ್ತಿರವೇ ಬರುತ್ತಿದ್ದವು.

ಹೋದ ವರ್ಷ ಚಳಿಗಾಲದಲ್ಲಿ ಕಾರಿನ ಸರ್ವಿಸ್ ಮಾಡಿಸಿದೆ. ಆಯಿಲ್ ಬದಲಾಯಿಸಿದರು, ಬ್ರೇಕ್ ನೋಡಿದರು. ಮೂರನೇ ದಿನ ಭಾನುವಾರ. ಶೈಲಾಳ ಅಣ್ಣನ ಹೊಲ ಹರ್ತಿಯಲ್ಲಿದೆ. ಎಳೆ ಜೋಳದ ತೆನೆ ಸುಟ್ಟು ಸೀತನಿ ಮಾಡುತ್ತೇವೆ ಬರ್ರಿ ಎಂದು ಕರೆದಿದ್ದರು. ರಸ್ತೆಯಲ್ಲೇ ಕಾರು ನಿಲ್ಲಿಸಿ ನಡೆಯಬಹುದಿತ್ತು. ಎರಡು ಫರ್ಲಾಂಗು ನಡೆಯುವುದು ಯಾರು? ಚಕ್ಕಡಿ ಹಾದಿಗೇ ಇಳಿಸಿದೆ. ನಡುವಿನ ದಿಂಡಿನಲ್ಲಿ ಹುಲ್ಲಿನೊಳಗೆ ಕಲ್ಲಿತ್ತು. ಕಾರಿನ ಹೊಟ್ಟೆಗೆ ‘ಧಡಲ್’ ಎಂದು ಬಡಿಯಿತು.

“ಇಳದು ನೋಡ್ರಿ,” ಎಂದಳು ಶೈಲಾ.

“ಏನಾಗಿಲ್ಲ, ತಗಡಿಗೆ ತಾಗಿರಬೇಕು,” ಎಂದೆ.

ಸೀತನಿ ಚೆನ್ನಾಗಿತ್ತು. ಬೆಲ್ಲ, ಶೇಂಗಾ ಹಿಂಡಿ, ಮೊಸರು. ಕಲ್ಲು ಮರೆತುಹೋಯಿತು.

ಒಂದು ವಾರದ ನಂತರ ಲಕ್ಷ್ಮೇಶ್ವರದಲ್ಲಿ ಬಂಧುಗಳ ಹೊಸ ಮನೆಯ ವಾಸ್ತುಶಾಂತಿ. ಮುಂಜಾನೆ ಹೊರಟೆವು. ಶಿರಹಟ್ಟಿ ಹತ್ತಿರ ಬಂದಾಗ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕಿತು. ಎಣ್ಣೆ ಡಬ್ಬಿಯ ಚಿತ್ರ ಇರುತ್ತದಲ್ಲ, ಅದು.

“ಅದೇನೋ ಕೆಂಪಗ ಹತ್ತೇತಿ,” ಎಂದಳು.

“ಹಳೇ ಗಾಡಿ, ಸೆನ್ಸರ್ ಕೆಟ್ಟಿರ್ತಾವ. ಮೊನ್ನೆನ ಸರ್ವಿಸ್ ಆಗೇತಿ.”

ಶಿರಹಟ್ಟಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಬಾನೆಟ್ ತೆಗೆದು ಆಯಿಲ್ ಕಡ್ಡಿ ಎಳೆದು ನೋಡಲು ಅರ್ಧ ನಿಮಿಷ ಸಾಕು. ಬಿಳಿ ಪಂಚೆಗೆ ಕಲೆಯಾದೀತು ಎಂದು ನೋಡಲಿಲ್ಲ. ಮತ್ತೆ ಹೊರಟು ಐದಾರು ಕಿಲೋಮೀಟರ್ ಆಗಿತ್ತು. ಎಂಜಿನ್ನಿನಿಂದ ‘ಕಟ್ ಕಟ್ ಕಟ್’ ಎಂದು ಶುರುವಾಯಿತು. ಆಮೇಲೆ ಒಲೆಯ ಮೇಲೆ ಕಲ್ಲು ಹುರಿದ ಹಾಗೆ. ಆಮೇಲೆ ಕಾರು ನಿಂತಿತು.

ಟ್ರ್ಯಾಕ್ಟರಿಗೆ ಕಟ್ಟಿ ಲಕ್ಷ್ಮೇಶ್ವರದ ಒಂದು ಗ್ಯಾರೇಜಿಗೆ ತಂದೆವು. ಅಲ್ಲಿನವರು ಕಡ್ಡಿ ಎಳೆದು ನೋಡಿದರು. ಒಣಗಿತ್ತು.

“ಒಳಗ ಎಣ್ಣಿನ ಇಲ್ಲಲ್ಲರಿ. ಸರ್ವಿಸ್ ಯಾರ ಕಡೆ ಮಾಡಿಸಿದ್ರಿ? ಡ್ರೇನ್ ನಟ್ ಬಿಗಿ ಮಾಡಿರಾಕಿಲ್ಲ. ಎಲ್ಲಾ ಸೋರಿ ಹೋಗೇತಿ. ಬೇರಿಂಗ್ ತಿಂದಾವ.”

ಅವರು ಇದನ್ನು ನಿಂತಲ್ಲೇ ನಿಂತು ಹೇಳಿದರು. ಕೆಳಗೆ ಬಗ್ಗಿ ನೋಡಿರಲಿಲ್ಲ. ನನಗೂ ಅದು ಬೇಕಿರಲಿಲ್ಲ. ತಪ್ಪು ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಅದು ನನ್ನ ಹೆಸರಾಗಿರಲಿಲ್ಲ. ಇನ್ನೇನು ಬೇಕು?

ಅಲ್ಲಿಂದಲೇ ದ್ಯಾಮಣ್ಣನವರಿಗೆ ಫೋನ್ ಮಾಡಿದೆ. ಸಾಕಷ್ಟು ಜೋರಾಗಿಯೇ ಮಾತಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು:

“ಸರ, ನಾನು ಡ್ರೇನ್ ನಟ್ ಬಿಗಿದ ಮ್ಯಾಲ ನಟ್ಟಿಗೂ ಚೇಂಬರಿಗೂ ಕೂಡಿಸಿ ಒಂದು ಹಳದಿ ಬಣ್ಣದ ಗೆರಿ ಎಳೀತೀನಿ. ಆ ಗೆರಿ ಕೂಡೇತೋ, ತಪ್ಪೇತೋ, ಅದೊಂದು ನೋಡಾಕ ಹೇಳ್ರಿ. ತಪ್ಪಿದ್ರ ನಂದ ತಪ್ಪು. ಕೂಡಿದ್ರ ಬ್ಯಾರೆ ಏನರ ಇರತೈತಿ.”

ಚೇಂಬರ್ ಎಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ತುಂಬಿಕೊಂಡಿರುವ ಕಬ್ಬಿಣದ ತಟ್ಟೆ. ಆಯಿಲ್ ಇಳಿಸಲು ಅದಕ್ಕೊಂದು ನಟ್ಟು. ಆ ನಟ್ಟು ಒಂದು ಕೂದಲೆಳೆ ತಿರುಗಿದರೂ ಗೆರೆ ತಪ್ಪುತ್ತದೆ. ಇದಕ್ಕಿಂತ ಸರಳ ಪರೀಕ್ಷೆ ಬೇಕೆ? ಎರಡು ಹೆಜ್ಜೆ ಆಚೆ ಕಾರು ನಿಂತಿತ್ತು. ನೋಡಿ ಎಂದು ಆ ಗ್ಯಾರೇಜಿನವರಿಗೆ ಹೇಳಲು ಒಂದು ವಾಕ್ಯ ಸಾಕಿತ್ತು.

ನಾನು ಹೇಳಿದ್ದು ಬೇರೆ: “ಬಣ್ಣದ ಕತಿ ಬಿಡ್ರಿ ದ್ಯಾಮಣ್ಣ. ಎಂಜಿನ್ ಹೋತು.”

“ಹಂಗಾದ್ರ ಗಾಡಿ ಇಲ್ಲಿಗೆ ತರಸ್ರಿ ಸರ. ನೋಡದ ನಾ ಏನೂ ಹೇಳಂಗಿಲ್ಲ.”

ಫೋನ್ ಇಟ್ಟುಬಿಟ್ಟೆ.

ಎರಡು ದಿನಗಳ ಮೇಲೆ ಅಂಕಣ ಕಳಿಸುವ ದಿನ ಬಂತು. ಬೇರೆ ವಿಷಯ ಹೊಳೆಯಲಿಲ್ಲ (ಅಂಕಣಕಾರರ ಬಹುಪಾಲು ಪಾಪಗಳು ಹೀಗೇ ಆಗುತ್ತವೆ). ಬೇವಿನ ಮರ ಬರೆದೆ. ಬೋರ್ಡಿಲ್ಲದ ಶೆಡ್ಡು ಬರೆದೆ. ಬಿಗಿಯದ ನಟ್ಟು ಬರೆದೆ. ಕಿವಿಗೆ ಸ್ಕ್ರೂಡ್ರೈವರ್ ಹಚ್ಚುವ ‘ಡಾಕ್ಟರ್’ ಎಂದು ಗೇಲಿ ಮಾಡಿದೆ. ಹಳದಿ ಗೆರೆಯನ್ನು ಹಣೆಯ ಗಂಧಕ್ಕೆ ಹೋಲಿಸಿದೆ. ಕೆಲಸದಲ್ಲಿ ಶ್ರದ್ಧೆ ಕಡಿಮೆಯಾಗುತ್ತಿದೆ ಎಂದು ಕೊನೆಗೊಂದು ಉಪದೇಶ. ಶೈಲಾಗೆ ಓದಿ ಹೇಳಿದೆ. ಯಾವಾಗಲೂ ಅವಳಿಗೇ ಮೊದಲು ಓದುವುದು.

ಅವಳು ನಗಲಿಲ್ಲ. “ಹೆಸರು ಹಾಕಿಲ್ಲ ಅಂದ್ರೂ ಗದಗ-ಬೆಟಗೇರ್ಯಾಗ ಎಲ್ಲಾರಿಗೂ ಗೊತ್ತಾಗತೈತಿ. ಮತ್ತ ಹರ್ತ್ಯಾಗ ಕಲ್ಲಿಗೆ ಬಡೀತಲ್ಲ, ಅದನ್ಯಾಕ ಬರದಿಲ್ಲ?”

“ಅದಕ್ಕೂ ಇದಕ್ಕೂ ಏನ ಸಂಬಂಧ?”

“ನನಗೇನ ಗೊತ್ತು? ನಿಮಗರ ಏನ ಗೊತ್ತು?”

ಕಳಿಸಿಬಿಟ್ಟೆ. ತರಗತಿಯಲ್ಲಿ ನಾನು ಎಂಥವನು ಎಂದು ನನ್ನ ವಿದ್ಯಾರ್ಥಿಗಳನ್ನು ಕೇಳಿ. ಉತ್ತರ ಸರಿಯಿದ್ದರೂ ಹಂತಗಳನ್ನು ಬರೆಯದಿದ್ದರೆ ಅರ್ಧ ಅಂಕ ಕತ್ತರಿಸುವವನು. ಇಲ್ಲಿ ನೇರವಾಗಿ ಉತ್ತರಕ್ಕೇ ಹಾರಿದ್ದೆ, ಉತ್ತರವೂ ತಪ್ಪಾಗಿತ್ತು.

ಅಂಕಣ ಬಂದು ಹತ್ತು ದಿನದ ಮೇಲೆ ಕಾರು ರಿಪೇರಿಯಾಗಿ ಬಂತು. ಲಕ್ಷ್ಮೇಶ್ವರದವರು ಬಾಲ್‌ಪೆನ್ನಿನಲ್ಲಿ ಒಂದು ಪಟ್ಟಿ ಬರೆದುಕೊಟ್ಟಿದ್ದರು. ಕೊನೆಯ ಸಾಲು ಮಾತ್ರ ನೋಡಿದೆ. ಮಡಚಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಗೆ ಹಾಕಿದೆ. ಒಂದು ವರ್ಷ ಅದು ನನ್ನ ಮೊಣಕಾಲಿನ ಹತ್ತಿರವೇ ಇತ್ತು.

ಇರಲಿ. ಹೋದ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಧೈರ್ಯ ಮಾಡಿ ಬೇವಿನ ಮರದ ಕಡೆ ಕಾರು ತಿರುಗಿಸಿದೆ. ಮರ ಇತ್ತು. ಶೆಡ್ಡು ಇರಲಿಲ್ಲ. ಆ ಜಾಗದಲ್ಲಿ ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿ. ಪಕ್ಕದಲ್ಲಿ ಮೊದಲಿನಿಂದಲೂ ಚಹಾ ಮಾರುವ ಹೆಂಗಸು ಕೂತಿದ್ದಳು. ಕೇಳಿದೆ.

“ದ್ಯಾಮಣ್ಣ ಮಿಸ್ತ್ರಿ ಏನ್ರಿ? ಅವರು ಮುಂಡರಗಿಗೆ ಹೋಗಿ ಏಳೆಂಟು ತಿಂಗಳಾತು. ಹೆಂಡ್ತಿ ತವರೂರು ಅದು. ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡ್ತಾರಂತ.”

“ಯಾಕ ಹೋದ್ರು?”

“ಗಿರಾಕಿ ಬರೂದು ಬಿಟ್ರು. ಯಾರೋ ಪೇಪರ್‌ನ್ಯಾಗ ಬರದ್ರಂತ, ಇವರು ನಟ್ ಬಿಗಿಯೂದಿಲ್ಲ ಅಂತ. ಸಾಲಿ ವ್ಯಾನಿನವರು ಮೊದಲ ಬಿಟ್ರು. ಮಕ್ಕಳು ಕುಂಡ್ರೂ ಗಾಡಿ, ಅವರಿಗೂ ಹೆದರಿಕಿ. ಬರದಾಂವಗ ಏನ ಸಿಕ್ತೋ ಏನೋ. ಚಾ ಕೊಡ್ಲೇನ್ರಿ?”

ಕೊಡು ಎಂದೆ. ಕುಡಿದೆ. ಬರೆದವನು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ವಾರವಾರ ಸಾವಿರಾರು ಜನರ ಜತೆ ಮಾತಾಡುವವನಿಗೆ ಒಬ್ಬ ಹೆಂಗಸಿನ ಎದುರು ಒಂದು ವಾಕ್ಯ ಹೊರಡಲಿಲ್ಲ.

ಮರುದಿನ ಭಾನುವಾರ ಮುಂಜಾನೆ ಮುಂಡರಗಿಗೆ ಹೊರಟೆವು. ಶೈಲಾ ನಾನೂ ಬರುತ್ತೇನೆ ಎಂದಳು. ದಾರಿಯುದ್ದಕ್ಕೂ ‘ದಡ್’, ‘ದಡ್’. ರೇಡಿಯೋ ಹಾಕಲಿಲ್ಲ.

ಊರ ಹೊರಗೆ ಒಂದು ಶೆಡ್ಡು. ಮುಂದೆ ಎರಡು ಟ್ರ್ಯಾಕ್ಟರುಗಳು ಬಿಚ್ಚಿ ನಿಂತಿದ್ದವು. ದ್ಯಾಮಣ್ಣ ಸೀಮೆಎಣ್ಣೆಯಲ್ಲಿ ಯಾವುದೋ ಗೇರ್ ತೊಳೆಯುತ್ತಿದ್ದರು. ಇನ್ನಷ್ಟು ಸಣ್ಣಗಾಗಿದ್ದರು. ಕಾರು ನಿಲ್ಲುವ ಮೊದಲೇ ತಲೆ ಎತ್ತಿದರು. ನಮ್ಮನ್ನು ನೋಡಿಯಲ್ಲ, ಸದ್ದು ಕೇಳಿ.

“ಬರ್ರಿ ಸರ. ಅಕ್ಕಾರ, ಬರ್ರಿ, ನೆರಳಿಗೆ ಕುಂಡ್ರಿ,” ಎಂದರು. ಅಷ್ಟೇ. ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ದಾರಿಯಲ್ಲಿ ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು, “ಗಾಡಿ ಭಾಳ ಸದ್ದು ಮಾಡಾಕತ್ತೇತಿ.”

“ಕೇಳ್ತು. ಯಾವಾಗ ಬರತೈತಿ? ನಿಂತಾಗೋ, ಹೊಂಟಾಗೋ?”

“ಹೊಂಟಾಗ. ಏರಿನ್ಯಾಗ ಜಾಸ್ತಿ.”

“ಚಾಲೂ ಮಾಡ್ರಿ. ಬಾನೆಟ್ ತೆಗೀರಿ.”

ಅವರು ಉದ್ದನೆಯ ಸ್ಕ್ರೂಡ್ರೈವರ್ ತಂದರು. ಹಿಡಿಯನ್ನು ಕಿವಿಗೆ ಹಚ್ಚಿ ಎಂಜಿನ್ನಿನ ಮೇಲೆ, ಪಕ್ಕಕ್ಕೆ, ಕೆಳಗೆ, ಒಂದೊಂದು ಕಡೆ ತುದಿ ಇಟ್ಟು ಕೇಳಿದರು. ಹೋದ ವರ್ಷ ನಾನು ಗೇಲಿ ಮಾಡಿದ್ದ ಭಂಗಿ ಅದೇ. ಅವರ ಮುಖ ನೋಡಲಾಗದೆ ಸ್ಟೇರಿಂಗ್ ನೋಡುತ್ತ ಕೂತೆ.

“ಸ್ವಲ್ಪ ರೇಸ್ ಕೊಡ್ರಿ. ಬಿಡ್ರಿ. ಮತ್ತ ಕೊಡ್ರಿ.”

ಆಮೇಲೆ ನಾಲ್ಕು ಪ್ಲಗ್ಗುಗಳ ಕನೆಕ್ಷನ್ ಒಂದೊಂದಾಗಿ ತೆಗೆದು ಹಾಕಿದರು. ಒಂದು ತೆಗೆದಾಗ ಎಂಜಿನ್ ಕುಂಟುತ್ತದೆ. ಆಗ ಬಡಿತ ಕಡಿಮೆಯಾದರೆ ಆ ಸಿಲಿಂಡರಿನ ಬೇರಿಂಗ್ ಹೋಗಿದೆ ಎಂದರ್ಥವಂತೆ. ನಾಲ್ಕನ್ನೂ ನೋಡಿ ತಲೆ ಅಲ್ಲಾಡಿಸಿದರು.

“ಬೇರಿಂಗ್ ಅಲ್ಲರಿ. ಒಳಗ ಎಲ್ಲಾ ಬೇಷ್ ಐತಿ. ಈಗ ಬ್ರೇಕ್ ಒತ್ತಿ ಹಿಡೀರಿ, ಫಸ್ಟ್ ಗೇರ್ ಹಾಕಿ ಕ್ಲಚ್ ಅರ್ಧ ಬಿಡ್ರಿ. ಅಷ್ಟ, ಅಷ್ಟ.”

ಇಡೀ ಎಂಜಿನ್ ಒಂದು ಬದಿಗೆ ಎದ್ದು ‘ದಡ್’ ಎಂದು ಕೂತಿತು. ನಿಂತಿದ್ದ ಶೈಲಾಗೂ ಅದು ಕಣ್ಣಾರೆ ಕಂಡಿತು.

“ಮೌಂಟಿಂಗ್ ರಬ್ಬರ್ ಹರದೈತಿ. ಎಂಜಿನ್ ಕುಂಡ್ರೂ ಗಾದಿ ಅಂತ ತಿಳ್ಕೊರಿ. ಎಂಜಿನ್ ಇಳಸೂದೇನ ಬ್ಯಾಡ. ಅರ್ಧ ತಾಸಿನ ಕೆಲಸ.”

ಮೂರು ವಾರ, ಒಂದು ಸ್ಟಾಫ್ ರೂಮು, ಒಂದು ಲ್ಯಾಪ್‌ಟಾಪು ಹೇಳದಿದ್ದನ್ನು ಅವರು ಹತ್ತು ನಿಮಿಷದಲ್ಲಿ ಹೇಳಿದ್ದರು. ಅಲ್ಲಿಗೆ ಮುಗಿಯಬೇಕಿತ್ತು. ಕೆಳಗಿನ ರಬ್ಬರೂ ಹೇಗಿದೆ ನೋಡುತ್ತೇನೆ ಎಂದು ಜ್ಯಾಕ್ ಏರಿಸಿ, ಗೋಣಿ ಹಾಸಿ, ಬ್ಯಾಟರಿ ದೀಪ ಹಿಡಿದು ಕಾರಿನ ಕೆಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು.

ಒಳಗಿನಿಂದಲೇ ಮೆಲ್ಲಗೆ ಕೇಳಿದರು: “ಸರ, ಈ ಚೇಂಬರ್ ಎಲ್ಲಿ ಬಡಿಸಿದ್ರಿ?”

ನನಗೆ ಗೊತ್ತಾಯಿತು. ಆ ಕ್ಷಣದಲ್ಲೇ ಎಲ್ಲವೂ ಗೊತ್ತಾಯಿತು. ಆದರೂ ಉತ್ತರ ಕೊಟ್ಟವಳು ಶೈಲಾ.

“ಹರ್ತ್ಯಾಗ್ರಿ. ನಮ್ಮಣ್ಣನ ಹೊಲದ ಹಾದ್ಯಾಗ ಕಲ್ಲಿಗೆ ಬಡೀತು. ನೀವು ಸರ್ವಿಸ್ ಮಾಡಿಕೊಟ್ಟ ಮೂರನೇ ದಿನಕ್ಕ.”

ಆಮೇಲೆ ಅವರು ಹೊರಗೆ ಬಂದು ಬ್ಯಾಟರಿಯನ್ನು ನನ್ನ ಕೈಗೆ ಕೊಟ್ಟರು. “ನೀವ ನೋಡ್ರಿ,” ಎಂದರು.

ಗೋಣಿಯ ಮೇಲೆ ಮಲಗಿ ಸರಿದೆ. ನನ್ನ ಕಾರಿನ ಹೊಟ್ಟೆಯನ್ನು ಹನ್ನೊಂದು ವರ್ಷದಲ್ಲಿ ಮೊದಲ ಸಲ ನೋಡಿದೆ. ಚೇಂಬರಿನ ಮುಂಭಾಗ ಬಟ್ಟಲಿನಷ್ಟು ಒಳಗೆ ಹೋಗಿತ್ತು. ಆ ತಗ್ಗಿನ ನಡುವೆ ಬೆರಳುದ್ದದ ಬಿರುಕು, ಅದರ ಮೇಲೆ ವೆಲ್ಡಿಂಗಿನ ಗಂಟುಗಂಟಾದ ಗೆರೆ. ಡ್ರೇನ್ ನಟ್ಟು ಅಲ್ಲಿಂದ ಒಂದು ಗೇಣು ದೂರ, ಹಿಂದೆ. ಸೋರಿದ್ದು ನಟ್ಟಿನಿಂದಲ್ಲ.

ಎದ್ದು ಬರುವಷ್ಟರಲ್ಲಿ ಶೈಲಾ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಆ ಹಳೆಯ ಪಟ್ಟಿ ತೆಗೆದಿದ್ದಳು. ಮೂರನೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ‘ಚೇಂಬರ್ ಕ್ರ್ಯಾಕ್ – ವೆಲ್ಡಿಂಗ್.’ ಲಕ್ಷ್ಮೇಶ್ವರದವರು ಬಿಚ್ಚಿದ ಮೇಲೆ ನಿಜ ಕಂಡುಕೊಂಡಿದ್ದರು, ಪ್ರಾಮಾಣಿಕವಾಗಿ ಬರೆದೂ ಕೊಟ್ಟಿದ್ದರು. ಓದುವವನು ಓದಿರಲಿಲ್ಲ.

ದ್ಯಾಮಣ್ಣ ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದರು. ನೆಲ ನೋಡುತ್ತ ಹೇಳಿದರು:

“ಸರ, ನಿಮ್ಮ ಅಂಕಣ ನಮ್ಮ ಮನ್ಯಾಗ ವಾರವಾರ ಓದ್ತಿದ್ವಿ. ನಾ ಊಟಕ್ಕ ಕುಂತಾಗ ಮಗಳು ಜೋರಾಗಿ ಓದಿ ಹೇಳಾಕಿ. ಆಕಿಗೆ ನಿಮ್ಮ ಬರವಣಿಗಿ ಅಂದ್ರ ಭಾಳ ಸೇರ್ತಿತ್ತು. ಕತ್ತರಿಸಿ ನೋಟ್‌ಬುಕ್ಕಿಗೆ ಹಚ್ಚಾಕಿ. ಆ ವಾರಾನೂ ಓದಾಕತ್ತಿದ್ಲು. ಬೇವಿನ ಗಿಡ ಬಂತು, ನಕ್ಕಳು. ಸ್ಕ್ರೂಡ್ರೈವರ್ ಬಂತು, ನಿಂದ್ರಿಸಿದ್ಲು. ‘ಅಪ್ಪಾ, ಇದು ನೀ ಅಲ್ಲ ಹೌದಿಲ್ಲೋ?’ ಅಂದ್ಲು.”

ಕೈಯಲ್ಲಿ ಇನ್ನೂ ಉರಿಯುತ್ತಿದ್ದ ಬ್ಯಾಟರಿಯನ್ನು ಆರಿಸಿದೆ.

“ನಾ ಏನ ಹೇಳ್ಲಿ? ನಾ ಅಲ್ಲ ಅನ್ನಾಕ ಬರಂಗಿಲ್ಲ. ನಟ್ ಬಿಗಿದೀನಿ ಅಂತ ಹೇಳಬೇಕಂದ್ರ…” ಅವರು ತಮ್ಮ ಅಂಗೈ ನೋಡಿಕೊಂಡರು. “ನನಗೂ ಡೌಟ್ ಬಂತ್ರಿ. ಕಲಿತ ದೊಡ್ಡ ಮಂದಿ ಪೇಪರ್‌ನ್ಯಾಗ ಬರದಾರ, ಸುಳ್ಳ ಇರತೈತೇನು? ಅವತ್ತು ಬಿಗಿದ್ನೋ ಇಲ್ಲೋ, ಗೆರಿ ಎಳದ್ನೋ ಇಲ್ಲೋ, ಎಷ್ಟ ನೆನಸಿದ್ರೂ ನೆನಪಿಗೆ ಬರವಲ್ದು. ದಿನಕ್ಕ ಹತ್ತು ಗಾಡಿ ನೋಡಿದ ಕೈ. ಗಿರಾಕಿ ಕಡಿಮಿ ಆದ್ರು, ಅದು ಒಂದು. ನನಗ ಕಾರಿನ ಕೆಳಗ ಹೋಗಾಕ ಧೈರ್ಯ ಸಾಲದಂಗಾತು. ಒಂದ ನಟ್ಟು ನಾಕ ಸಲ ಬಿಗೀತಿದ್ದೆ. ಎರಡ ನಟ್ಟಿನ ಹಲ್ಲು ಮುರದ್ನಿ ಹಂಗ ಬಿಗದು ಬಿಗದು. ಅದಕ್ಕ ಇಲ್ಲಿ ಬಂದ್ನಿ. ಟ್ರ್ಯಾಕ್ಟರ್ ಆದ್ರ ಎಲ್ಲಾ ಹೊರಗ ಕಾಣತೈತಿ.”

“ಹಳದಿ ಗೆರಿ?” ಎಂದು ಶೈಲಾ ಕೇಳಿದಳು.

“ಬಿಟ್ಟೆರಿ ಅಕ್ಕಾರ. ಯಾರು ನೋಡ್ತಾರ?”

ಗಿರಾಕಿ ಹೋದದ್ದು ನನಗೆ ಹಿಂದಿನ ದಿನವೇ ಗೊತ್ತಾಗಿತ್ತು. ಅದಕ್ಕೆ ತಯಾರಾಗಿ ಬಂದಿದ್ದೆ. ಇದಕ್ಕೆ ತಯಾರಿರಲಿಲ್ಲ. ಮೂವತ್ತು ವರ್ಷ ತಪ್ಪದ ಕೈಯನ್ನು ಆ ಮನುಷ್ಯನೇ ನಂಬದ ಹಾಗೆ ಮಾಡಲು ನನಗೆ ಬೇಕಾದದ್ದು ಆರುನೂರು ಪದಗಳು, ಒಂದು ಸಂಜೆ.

ನಾವು ಈಗ ಎಷ್ಟು ಸುಲಭವಾಗಿ ಬರೆಯುತ್ತೇವೆ ಗಮನಿಸಿದ್ದೀರಾ? ಖಾನಾವಳಿಯಲ್ಲಿ ಪಲ್ಯ ಆರಿದ್ದರೆ ಎದ್ದು ಬರುವ ಮೊದಲೇ ಒಂದು ಸ್ಟಾರ್. ಆಟೋದವರು ತಡವಾದರೆ ಓಣಿಯ ಗ್ರೂಪಿನಲ್ಲಿ ಫೋಟೋ. ಟೇಲರ್, ಪ್ಲಂಬರ್, ನರ್ಸ್, ಯಾರಾದರೂ ಸರಿ. ನಮ್ಮದು ಎರಡು ಸಾಲು, ಬರೆದು ಮರೆತುಬಿಡುತ್ತೇವೆ. ಅತ್ತ ಕಡೆಯವರ ಮನೆಯಲ್ಲಿ ಅದನ್ನು ಯಾರು ಯಾರಿಗೆ ಓದಿ ಹೇಳುತ್ತಾರೆ ಎಂದು ಯೋಚಿಸುವುದಿಲ್ಲ. (ಇದೂ ಉಪದೇಶವೇ. ಕೊಡುವ ಯೋಗ್ಯತೆ ನನಗಿಲ್ಲ. ಆದರೂ ಬರೆದೆ, ಅಭ್ಯಾಸ.)

“ದ್ಯಾಮಣ್ಣ, ನಂದು ತಪ್ಪಾತು,” ಎಂದೆ. ದಾರಿಯಲ್ಲಿ ಜೋಡಿಸಿದ್ದ ಮಾತುಗಳಲ್ಲಿ ಉಳಿದದ್ದು ಇಷ್ಟೇ.

“ಆತು ಬಿಡ್ರಿ,” ಎಂದರು. ಅದು ಕ್ಷಮೆಯೋ, ಮಾತು ಸಾಕು ಎಂಬುದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎದ್ದುಹೋಗಿ ಸಾಬೂನು ಹಚ್ಚಿ ಕೈ ತೊಳೆದರು. ಮೊಣಕೈವರೆಗೆ, ನಿಧಾನವಾಗಿ, ಎರಡು ಸಲ ತೊಳೆದರು. ಹಿಂದಿರುಗಿ ಬಂದಾಗ ಕಣ್ಣುಗಳು ಕೆಂಪಾಗಿದ್ದವು.

“ರಬ್ಬರ್ ಗದಗಿನ್ಯಾಗ ಸಿಗತೈತಿ. ಅಲ್ಲೇ ಯಾರ ಕಡೆನರ ಹಾಕಿಸ್ಕೊರಿ,” ಎಂದರು.

“ಇಲ್ಲ, ನೀವ ಹಾಕ್ರಿ. ಇಲ್ಲಿಗೇ ತರ್ತೀನಿ.”

ತೊಳೆದ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡರು. “ತರ್ರಿ ಹಂಗಾದ್ರ,” ಎಂದರು.

ಬುಧವಾರ ರಜೆ ಹಾಕಿ ರಬ್ಬರ್ ತೆಗೆದುಕೊಂಡು ಹೋದೆ. ಅರ್ಧ ತಾಸೆಂದರೆ ಅರ್ಧ ತಾಸು. ಕಾರು ಈಗ ಸದ್ದು ಮಾಡುತ್ತಿಲ್ಲ. ಬೆಟಗೇರಿಗೆ ಮರಳಿ ಬನ್ನಿ, ಶೆಡ್ಡಿಗೆ ಜಾಗ ಹುಡುಕೋಣ, ಶಾಲೆಯವರ ಜತೆ ನಾನೇ ಮಾತಾಡುತ್ತೇನೆ ಎಂದೆಲ್ಲ ಹೇಳಿದೆ. ಅವರು ಸ್ಪ್ಯಾನರುಗಳನ್ನು ಒರೆಸಿ ಸಾಲಾಗಿ ಜೋಡಿಸುತ್ತ ಕೇಳಿಸಿಕೊಂಡರು.

“ಈಗೇನ ಬರಂಗಿಲ್ಲರಿ. ಇಲ್ಲಿ ಮಂದಿಗೆ ನಾ ಹೊಂದೀನಿ. ಈ ವಯಸ್ಸಿನ್ಯಾಗ ಮತ್ತೊಂದು ಸಲ ಶೆಡ್ ಕಟ್ಟಾಕ ಆಗಂಗಿಲ್ಲ.”

“ಮಗಳಿಗೆ ನಾನ ಬಂದು ಹೇಳ್ಲೇನು? ತಪ್ಪು ನಂದು ಅಂತ?”

“ಬ್ಯಾಡ್ರಿ. ಆಕಿಗೆ ನಿಮ್ಮ ಮ್ಯಾಲ ಸಿಟ್ಟೈತಿ, ಏನರ ಅಂದು ಬಿಡ್ತಾಳ.” ಆಮೇಲೆ, ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿ, “ಬರೀರಿ ಸರ. ಪೇಪರ್‌ನ್ಯಾಗ ಬರೀರಿ. ಆದ್ರ ಆವಾಗ ಹೆಸರು ಹಾಕಿದ್ದಿಲ್ಲ, ಈ ಸಲ ಹಾಕ್ರಿ. ಪೂರ್ತಿ ಹೆಸರು. ಆಕಿ ಈಗ ನಿಮ್ಮದು ಓದೂದು ಬಿಟ್ಟಾಳ. ನಾನ ಓದಿ ಹೇಳ್ತೀನಿ.”

ಅದಕ್ಕೇ ಈ ವಾರ ಬೇರೆ ವಿಷಯವಿಲ್ಲ.

ಅವರ ಹೆಸರು ದ್ಯಾಮಣ್ಣ ಫಕೀರಪ್ಪ ಕಮ್ಮಾರ. ಹೋದ ವರ್ಷ ಅವರು ನನ್ನ ಕಾರಿನ ನಟ್ಟನ್ನು ಸರಿಯಾಗಿಯೇ ಬಿಗಿದಿದ್ದರು. ಕಲ್ಲಿಗೆ ಬಡಿಸಿದವನು ನಾನು. ಕೆಂಪು ದೀಪ ಕಂಡರೂ ಓಡಿಸಿದವನು ನಾನು. ನೋಡಿ ಎಂದು ಅವರು ಹೇಳಿದರೂ ನೋಡದೆ ಬರೆದವನು ನಾನು.

ಹೋದ ವರ್ಷ ಆ ಬರಹ ಓದಿ ಅವರ ಗ್ಯಾರೇಜಿಗೆ ಹೋಗುವುದನ್ನು ಬಿಟ್ಟಿರಲ್ಲ, ನಿಮ್ಮಲ್ಲಿ ಎಷ್ಟು ಮಂದಿ ಇವತ್ತು ಈ ಸಾಲಿನವರೆಗೆ ಓದಿದಿರಿ?